ಮಂಗಳಮ್ಮನ ದೂರು

ಮಂಗಳಮ್ಮ ಬಟ್ಟೆ ಮುಟ್ಟಿದರೆ ಸಾಕು, ಅದು ಯಾವ ಮನೆಯದೆಂದು ಹೇಳಿಬಿಡುತ್ತಿದ್ದರು. ಇಟ್ಟಮಡುವಿನ ನಮ್ಮ ಬೀದಿಯ ತಿರುವಿನಲ್ಲಿ ಅವರ ಇಸ್ತ್ರಿ ಗಾಡಿ. ಗುರುತಿಗೆ ದಾರವಿಲ್ಲ, ಚೀಟಿಯಿಲ್ಲ. ನನ್ನ ಅಂಗಿ ಎತ್ತಿ ಹಿಡಿದು, "ಮತ್ತೆ ಪೆನ್ನಿಗೆ ಮುಚ್ಚಳ ಹಾಕ್ದೆ ಜೇಬಲ್ಲಿ ಇಟ್ಟಿದ್ದೀರ. ಮೇಷ್ಟ್ರಾಗಿ ಹಿಂಗಾ ಸಾರ್?" ಎಂದು ಬೀದಿಗೆಲ್ಲ ಕೇಳುವಂತೆ ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಪೊಲೀಸರ ಯೂನಿಫಾರ್ಮುಗಳೂ ಅವರಲ್ಲಿಗೇ ಬರುತ್ತಿದ್ದವು. "ಖಾಕಿಗೆ ಕೆಂಡ ಜಾಸ್ತಿ ಬೇಕು ಸಾರ್, ಇಲ್ದಿದ್ರೆ ಗೆರೆ ನಿಲ್ಲಲ್ಲ" ಎನ್ನುತ್ತಿದ್ದರು.

ನಾನು ನಿವೃತ್ತ ಕನ್ನಡ ಮೇಷ್ಟ್ರು. ನೀರು ಬರದಿದ್ದರೆ, ಬೀದಿದೀಪ ಕೆಟ್ಟರೆ ಬೀದಿಯವರ ಅರ್ಜಿಯೆಲ್ಲ ನಾನೇ ಬರೆಯುವುದು. ಆ ಹೆಮ್ಮೆ ನನಗೆ ಸ್ವಲ್ಪ ಜಾಸ್ತಿಯೇ ಇತ್ತು.

ಒಂದು ಬೆಳಿಗ್ಗೆ ಮಂಗಳಮ್ಮ ಕೆಂಡ ಹೊತ್ತಿಸುತ್ತಿದ್ದಾಗ ಬೈಕಿನಲ್ಲಿ ಬಂದ ಇಬ್ಬರು ಅವರ ಸರ ಕಿತ್ತುಕೊಂಡು ಹೋದರು. ಕೊರಳ ಸುತ್ತ ಚರ್ಮ ಸುಲಿದಿತ್ತು. "ಕಂಪ್ಲೇಂಟ್ ಬರ್ಕೊಡಿ ಸಾರ್. ಜೊತೇಲೂ ಬನ್ನಿ, ನಿಮ್ಮನ್ನ ನೋಡಿದ್ರೆ ಮರ್ಯಾದೆ ಕೊಡ್ತಾರೆ" ಎಂದರು.

ಮರ್ಯಾದೆ ಕೊಟ್ಟರು, ನನಗೆ. ಸ್ಟೇಷನ್ನಿನಲ್ಲಿ ನನಗೆ ಕುರ್ಚಿ ಬಂತು, ಟೀ ಬಂತು. ಮಂಗಳಮ್ಮ ಗೋಡೆ ಪಕ್ಕ ನಿಂತೇ ಇದ್ದರು. ಮೇಜಿನ ಹಿಂದಿದ್ದ ಪೊಲೀಸಿನವನು ಅವರನ್ನು ಮೇಲಿಂದ ಕೆಳಗೆ ನೋಡಿ, "ಇಸ್ತ್ರಿ ಹಾಕೋಳಿಗೆ ಎರಡೆಳೆ ಸರ ಯಾಕೆ? ರೋಡಲ್ಲಿ ತೋರಿಸ್ಕೊಂಡು ನಿಂತ್ರೆ ಕೀಳ್ದೆ ಪೂಜೆ ಮಾಡ್ತಾರಾ?" ಎಂದ. ನನ್ನ ಕಡೆ ತಿರುಗಿ, "ಅಲ್ವಾ ಸಾರ್?" ಎಂದ.

ನಾನು ನಕ್ಕೆ. ಸಾಲದ್ದಕ್ಕೆ, "ನಾನೂ ಎಷ್ಟೋ ಸಲ ಹೇಳಿದ್ದೀನಿ ಸಾರ್, ಕೇಳಲ್ಲ" ಎಂದೆ. ಹಾಗೆ ನಾನು ಯಾವತ್ತೂ ಹೇಳಿರಲಿಲ್ಲ. ಈಗ ನೆನೆದರೂ ನಾಚಿಕೆಯಿಂದ ಮುಖ ಬಿಸಿಯಾಗುತ್ತದೆ.

ಅವನು ದನಿ ತಗ್ಗಿಸಿದ. "ಕಿತ್ಕೊಂಡ್ರು ಅಂತ ಬೇಡ ಸಾರ್. ಎಲ್ಲೋ ಬಿದ್ದೋಯ್ತು ಅಂತ ಬರ್ದುಬಿಡಿ, ಈಗ್ಲೇ ಸೀಲ್ ಹಾಕಿ ಕೊಡ್ತೀನಿ. ಇಲ್ಲಾಂದ್ರೆ ಕೇಸು ಅಂತ ಈಯಮ್ಮನೇ ಅಲೀಬೇಕಾಗುತ್ತೆ." ನಾನು ತಂದಿದ್ದ ಅರ್ಜಿಯನ್ನು ಪಕ್ಕಕ್ಕಿಟ್ಟು, ಅವನು ಕೊಟ್ಟ ಹಾಳೆಯಲ್ಲಿ 'ಕಳೆದುಹೋಗಿರುತ್ತದೆ' ಎಂದು ಮುದ್ದಾಗಿ ಬರೆದು, ಸಹಿಗೆಂದು ಮಂಗಳಮ್ಮನ ಮುಂದೆ ಹಿಡಿದೆ.

ಅವರು ಏಳನೇ ಕ್ಲಾಸು ಓದಿದವರು. ಬೆರಳಿಟ್ಟು ನಿಧಾನಕ್ಕೆ ಓದಿದರು. "ಬಿದ್ದಿಲ್ವಲ್ಲ ಸಾರ್. ಕಿತ್ಕೊಂಡ್ರಲ್ಲ" ಎಂದು ಸೆರಗು ಸರಿಸಿ ಕೊರಳು ತೋರಿಸಿದರು, ಪೊಲೀಸಿಗಲ್ಲ, ನನಗೆ.

"ಸುಮ್ನೆ ಸೈನ್ ಹಾಕಮ್ಮ, ಅವ್ರಿಗೆ ಬೇರೆ ಕೆಲ್ಸ ಇಲ್ವಾ" ಎಂದು ಗದರಿದೆ. ಹಾಕಿದರು.

ಮಂಗಳಮ್ಮ ಆರು ದಿನ ಅಲೆದು ಕೊನೆಗೂ ಸರಿಯಾದ ದೂರು ದಾಖಲು ಮಾಡಿಸಿದರೆಂದು ಆಮೇಲೆ ಹಾಲಿನಂಗಡಿಯವರು ಹೇಳಿದರು. ಸರ ಸಿಕ್ಕಿತೋ ಇಲ್ಲವೋ ತಿಳಿಯದು. ಅಷ್ಟು ದಿನವೂ ನಾನು ಆ ತಿರುವು ಬಿಟ್ಟು ಬಳಸು ದಾರಿಯಲ್ಲಿ ಓಡಾಡಿದೆ. ಧೈರ್ಯ ಮಾಡಿ ಹೋಗುವಷ್ಟರಲ್ಲಿ ಗಾಡಿ ಇರಲಿಲ್ಲ. ಫುಟ್‌ಪಾತ್ ಮೇಲೆ ನಿಲ್ಲಿಸಬಾರದೆಂದು ಪೊಲೀಸರು ಎತ್ತಿಸಿದ್ದರು. ಮಂಗಳಮ್ಮ ಮಗಳ ಮನೆಗೆ ಹೋದರಂತೆ.

ನಾನು ಅವರನ್ನು ಕೊನೆಯ ಸಲ ನೋಡಿದ್ದು ಸ್ಟೇಷನ್ನಿಗೆ ಹೋಗಿಬಂದ ಮರುದಿನ ಬೆಳಿಗ್ಗೆ, ಬಸ್ ಸ್ಟಾಪಿನಲ್ಲಿ. ನಾನು ಬನಿಯನ್ನಿನಲ್ಲೇ ಹಾಲು ತರಲು ಹೊರಟಿದ್ದೆ. ಅವರ ಕೈಯಲ್ಲಿ ತಾವೇ ಬರೆದ ಒಂದು ಅರ್ಜಿ ಇತ್ತು. ಎಲ್ಲಿಗೆಂದು ಕೇಳುವ ಅಗತ್ಯವಿರಲಿಲ್ಲ. "ತಡೀರಿ, ಅಂಗಿ ಹಾಕ್ಕೊಂಡು ನಾನೂ ಬರ್ತೀನಿ" ಎಂದೆ.

"ಬೇಡಿ ಸಾರ್" ಎಂದರು, ಸಿಟ್ಟಿಲ್ಲದೆ. "ನೀವು ಬಂದ್ರೆ ಅವ್ರು ನಿಮ್ಹತ್ರಾನೇ ಮಾತಾಡ್ತಾರೆ."