ಗಂಗಾಂಬಿಕಮ್ಮನ ಕಾರು ಮತ್ತು ಆಲೆಮನೆಯ ಬೋಲ್ಟು

ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರಿ ಪರಮಶಿವಯ್ಯನವರು ಸಕಲೇಶಪುರದ ಕಡೆಯ ಕಾಫಿ ತೋಟದ ದೊರೆಯೊಬ್ಬನಿಂದ ಹಳೆಯ ಮೋಟಾರು ಕಾರೊಂದನ್ನು ಕೊಂಡು ತಂದದ್ದು ೧೯೩೬ರಲ್ಲಿ. ಅದಕ್ಕೆ ಕ್ಯಾನ್ವಾಸಿನ ಮುಚ್ಚಿಗೆ, ಹಿಸುಕಿದರೆ ಬಾತುಕೋಳಿಯ ಹಾಗೆ ಕೂಗುವ ರಬ್ಬರಿನ ಹಾರ್ನು. ನುಗ್ಗೇಹಳ್ಳಿ, ಹಿರೀಸಾವೆಯ ತೆಂಗಿನ ತೋಟಗಳಿಗೆ ತಾವೇ ಓಡಿಸಿಕೊಂಡು ಹೋಗಬೇಕೆಂಬುದು ಅವರ ಆಸೆ. ಕಲಿಯಲು ಶುರುಮಾಡಿದ ವಾರದಲ್ಲೇ ಕಾರು ರಸ್ತೆ ಬಿಟ್ಟು ಯಾರದೋ ಕಣಕ್ಕೆ ನುಗ್ಗಿ, ಹುಲ್ಲಿನ ಬಣವೆಯೊಳಗೆ ಅರ್ಧ ಹೂತುಹೋಯಿತು. ಯಾರಿಗೂ ಪೆಟ್ಟಾಗಲಿಲ್ಲ. ಪರಮಶಿವಯ್ಯನವರು ಹುಲ್ಲಿನೊಳಗಿಂದ ಎದ್ದು ಬಂದು, ಹೆಗಲ ಮೇಲಿನ ವಲ್ಲಿ ಕೊಡವಿಕೊಂಡು, "ಇದು ನನ್ನ ಮಾತು ಕೇಳೋ ಪೈಕಿ ಅಲ್ಲ ಕಣೆ" ಎಂದು ಹೆಂಡತಿಗೆ ಹೇಳಿದರು. ಆಮೇಲೆ ಅವರು ಆ ಸ್ಟಿಯರಿಂಗು ಚಕ್ರ ಮುಟ್ಟಲಿಲ್ಲ.

ಮುಟ್ಟಿದವರು ಹೆಂಡತಿ ಗಂಗಾಂಬಿಕೆ.

ಆಗ ಅವರಿಗೆ ಮೂವತ್ತರ ಆಸುಪಾಸು. ತವರಿನಲ್ಲಿ ಹುಡುಗಿಯಾಗಿದ್ದಾಗಲೇ ಎತ್ತಿನ ಗಾಡಿ ಹೊಡೆದವರು. ಮನೆಯ ಹೊಲಿಗೆ ಯಂತ್ರ ಕೆಟ್ಟರೆ ಬಿಚ್ಚಿ ಹರಡಿಕೊಂಡು ಕೂರುತ್ತಿದ್ದರು. ಊಟದ ಹೊತ್ತಿಗೆ ಅದು ಮತ್ತೆ ಹೊಲಿಯುತ್ತಿತ್ತು. "ನಾನು ಕಲೀಲಾ?" ಎಂದು ಕೇಳಿದಾಗ ಗಂಡ ಸ್ವಲ್ಪ ಯೋಚಿಸಿ, "ಊರೋರು ಏನಾದ್ರೂ ಅಂದ್ರೆ ನನ್ನ ಹತ್ರ ಕಳಿಸು. ಬಣವೆ ಕಥೆ ಹೇಳ್ತೀನಿ" ಎಂದರು.

ಕಲಿಸಿದವನು ಹಾಸನದ ಗರಾಜಿನ ಮೆಕ್ಯಾನಿಕ್ ಪುಟ್ಟಸ್ವಾಮಿ. ಅವನದೊಂದು ಪಟ್ಟು: ಚಕ್ರ ಹಿಡಿಯುವ ಮೊದಲು ಕಾರಿನ ಹೊಟ್ಟೆಯಲ್ಲಿ ಏನೇನಿದೆ ಎಂದು ನೋಡಬೇಕು. ಗಂಗಾಂಬಿಕಮ್ಮನಿಗೆ ಬೇಕಾಗಿದ್ದದ್ದೂ ಅದೇ. ಅವರು ಸೆರಗು ಬಿಗಿದು ಕಾರಿನಡಿ ತೂರಿ ಒಂದೊಂದನ್ನೂ ಕೇಳುತ್ತಿದ್ದರು. ಅಷ್ಟು ಹೊತ್ತೂ ಪರಮಶಿವಯ್ಯನವರು ಗರಾಜಿನ ಮುಂದಿನ ಬೆಂಚಿನ ಮೇಲೆ ಛತ್ರಿ ಬಿಚ್ಚಿಕೊಂಡು ಕೂತು ಬಂದವರೊಡನೆಲ್ಲ ಕೊಬ್ಬರಿ ಧಾರಣೆ ಮಾತಾಡುತ್ತಿದ್ದರು. ಲೈಸೆನ್ಸು ಸಿಕ್ಕ ದಿನ ಗಂಡನನ್ನು ಹಿಂದೆ ಕೂರಿಸಿಕೊಂಡು ಹಾಸನದಿಂದ ಮನೆಯವರೆಗೆ ಅವರೇ ಓಡಿಸಿದರು. ಪರಮಶಿವಯ್ಯನವರು ದಾರಿಯುದ್ದಕ್ಕೂ ನಿದ್ದೆ ಮಾಡಿದರು. ಅದಕ್ಕಿಂತ ದೊಡ್ಡ ಹೊಗಳಿಕೆ ತಮಗೆ ಯಾರಿಂದಲೂ ಬಂದಿಲ್ಲ ಎಂದು ಗಂಗಾಂಬಿಕಮ್ಮ ಆಮೇಲೆ ಹೇಳುತ್ತಿದ್ದರು.

ಹಿಂದಿನ ಬೀದಿಯಲ್ಲಿ ಶಾಲೆಯ ಮೇಷ್ಟ್ರು ಲಕ್ಷ್ಮೀನರಸಿಂಹಯ್ಯನವರ ಮನೆ. ಅವರ ಹೆಂಡತಿ ಗೋದಮ್ಮ ಹೊಳೆನರಸೀಪುರದವರು, ಅಜ್ಜನಿಂದ ವೀಣೆ ಕಲಿತವರು. ಮಧ್ಯಾಹ್ನ ಮನೆಗೆಲಸ ಮುಗಿಸಿ ಅವರು ವೀಣೆ ತೆಗೆದರೆ ಗಂಗಾಂಬಿಕಮ್ಮ ಅಕ್ಕಿ ಮೊರ ಹಿಡಿದುಕೊಂಡು ಬಂದು ಕಂಬಕ್ಕೊರಗಿ ಕೂರುತ್ತಿದ್ದರು. ರಾಗದ ಹೆಸರು ಅವರಿಗೆ ತಿಳಿಯದು. ಆದರೆ ತಂತಿ ಒಂದು ಎಳೆ ಇಳಿದರೂ ಅವರ ಕಿವಿಗೆ ಗೊತ್ತಾಗುತ್ತಿತ್ತು. ಹೀಗೆ ಇಬ್ಬರಿಗೂ ಗಾಢ ಸ್ನೇಹ ಬೆಳೆದಿತ್ತು.

೧೯೩೯ರ ರಾಮನವಮಿಗೆ ರುದ್ರಪಟ್ಟಣದ ಒಂದು ಮನೆಯವರು ಗೋದಮ್ಮನನ್ನು ವೀಣೆ ನುಡಿಸಲು ಕರೆದರು. ಮನೆಯ ಹಜಾರ ಬಿಟ್ಟು ಬೇರೆಲ್ಲೂ ನುಡಿಸಿದವರಲ್ಲ ಅವರು. ಅದೂ ರುದ್ರಪಟ್ಟಣ, ಅಲ್ಲಿ ನೀರು ಸೇದುವವರೂ ತಾಳ ಹಾಕುತ್ತಾರೆಂಬ ಮಾತಿತ್ತು. ಮೇಷ್ಟ್ರು ಪರೀಕ್ಷೆಯ ಕೆಲಸಕ್ಕೆ ಹಾಸನಕ್ಕೆ ಹೋಗಿದ್ದರು. ಗೋದಮ್ಮ ಹೋಗುವುದೋ ಬೇಡವೋ ಎಂದು ಒದ್ದಾಡಿ, ಕೊನೆಗೆ ಬಸ್ಸಿನ ನೆಪ ಹೇಳಿದರು. "ವೀಣೇನ ಬಸ್ಸಿನ ಮೇಲೆ ಮೂಟೆಗಳ ಜೊತೆ ಹಾಕ್ತಾರೆ ಕಣ್ರೀ. ಬುರುಡೆ ಒಡೆದುಹೋಗತ್ತೆ. ಬೇಡ ಬಿಡಿ."

"ಬಸ್ಸು ಯಾರಿಗೆ ಬೇಕು?" ಎಂದರು ಗಂಗಾಂಬಿಕಮ್ಮ. "ನಿಮ್ಮ ವೀಣೆ ಹಿಂದಿನ ಸೀಟಲ್ಲಿ ಹಾಸಿಗೆ ಮೇಲೆ ಮಲಗ್ಕೊಂಡು ಬರಲಿ. ನೀವು ಮುಂದೆ ಕೂತ್ಕೊಳ್ಳಿ."

ರಾಮನವಮಿಯ ಬೆಳಿಗ್ಗೆ ಹೊರಟರು. ಹೊಳೆನರಸೀಪುರದಲ್ಲಿ ಗೋದಮ್ಮನ ತವರಿನವರು ಪಾನಕ ಕೊಟ್ಟು ಬೀಳ್ಕೊಟ್ಟರು. ಅರಕಲಗೂಡಿನ ಹಾದಿ ಹಿಡಿದು, ಕಬ್ಬಿನ ಬಯಲಿನ ನಡುವೆ ಒಂದು ಮೋರಿಯ ಹಳ್ಳಕ್ಕೆ ಕಾರು ಇಳಿದದ್ದೇ ತಡ, ಕೆಳಗೆ ಟಣ್ ಎಂದು ಸದ್ದಾಯಿತು. ಕೂಡಲೇ ಇಡೀ ಕಾರು ಜ್ವರ ಬಂದವರ ಹಾಗೆ ನಡುಗತೊಡಗಿತು. ಗೇರಿನ ಕಡ್ಡಿ ತಾನೇ ತಾನಾಗಿ ಕುಣಿಯುತ್ತಿತ್ತು. ಗಂಗಾಂಬಿಕಮ್ಮ ಎಂಜಿನ್ನು ನಿಲ್ಲಿಸಿ ಕೆಳಗಿಳಿದು, ರಸ್ತೆಯ ಮೇಲೆ ಅಂಗಾತ ಮಲಗಿ ಒಳಗೆ ತೂರಿದರು.

"ಏನಾಗಿದೆ ರೀ?" ಗೋದಮ್ಮ ಬಗ್ಗಿ ಕೇಳಿದರು.

"ಎಂಜಿನ್ನನ್ನ ಚೌಕಟ್ಟಿಗೆ ಹಿಡಿದು ನಿಲ್ಲಿಸೋ ಬೋಲ್ಟು ಒಂದು ತುಂಡಾಗಿದೆ. ಎಂಜಿನ್ನು ಎಡಗಡೆಗೆ ವಾಲ್ಕೊಂಡು ಕೂತಿದೆ."

"ಹಾಗಾದ್ರೆ ದೇವರೇ ಬೇಡ ಅಂದ ಹಾಗಾಯ್ತು. ವಾಪಸು ಹೋಗೋಣ" ಎಂದರು ಗೋದಮ್ಮ. ಅವರ ದನಿಯಲ್ಲಿ ಕೊಂಚ ನೆಮ್ಮದಿಯೇ ಇತ್ತು.

"ವಾಪಸು ಹೋಗೋಕೂ ಅದೇ ಬೋಲ್ಟು ಬೇಕು ಗೋದಮ್ಮ" ಎಂದು ಕಾರಿನಡಿಯಿಂದ ಉತ್ತರ ಬಂತು.

ಕಬ್ಬಿನ ಗದ್ದೆಯಾಚೆ ಹೊಗೆ ಏಳುತ್ತಿತ್ತು. ಬೆಲ್ಲ ಕಾಯುವ ಘಮ. ಗಂಗಾಂಬಿಕಮ್ಮ ಮುರಿದ ಬೋಲ್ಟಿನ ತಲೆಯನ್ನು ಕೈಯಲ್ಲಿ ಹಿಡಿದು ಆ ಕಡೆ ನಡೆದರು. ಅದು ದ್ಯಾವಯ್ಯ ಎಂಬ ರೈತನ ಆಲೆಮನೆ. ಎತ್ತುಗಳು ಕಬ್ಬಿಣದ ಗಾಣ ಸುತ್ತುತ್ತಿದ್ದವು. ಅವನ ಹೆಂಡತಿ ಸುಬ್ಬಮ್ಮ ಒಲೆಗೆ ಸಿಪ್ಪೆ ತುಂಬುತ್ತಿದ್ದಳು.

"ಏನವ್ವಾ, ಗಾಡಿ ಕೆಟ್ಟೋಯ್ತಾ? ಡ್ರೈವರಣ್ಣ ಎಲ್ಲೋದ?" ಎಂದು ದ್ಯಾವಯ್ಯ ಕೇಳಿದ.

"ನಾನೇ ಡ್ರೈವರು ಕಣಪ್ಪ."

ದ್ಯಾವಯ್ಯ ಅವರ ಕೈಯ ಮಸಿ ನೋಡಿದ, ಮುಖ ನೋಡಿದ. ಸುಬ್ಬಮ್ಮ ಸಿಪ್ಪೆ ಬಿಟ್ಟು ಎದ್ದು ಬಂದು, "ನೀನೇ ಓಡ್ಸ್ಕಂಡು ಬಂದ್ಯಾ ತಾಯಿ? ಪಟ್ಟಣದಿಂದ?" ಎಂದಳು. ಹೌದೆಂದ ಮೇಲೆ ಗಂಡನ ಕಡೆ ತಿರುಗಿ, "ಏನ್ ಬೇಕೋ ಕೊಡು ಮತ್ತೆ, ಯಾಕ್ ನಿಂತ್ಕಂಡಿದ್ದೀಯಾ" ಎಂದಳು. ಗಂಗಾಂಬಿಕಮ್ಮ ಮುರಿದ ತಲೆಯನ್ನು ತೋರಿಸಿ, ಅಂಥದೇ ಬೋಲ್ಟು ಬೇಕೆಂದು ಗಾಣದ ಕಡೆ ಕೈ ಮಾಡಿದರು.

"ಓಡ್ತಿರೋ ಗಾಣದಾಗೆ ಬಿಚ್ಚಕಾಗಾಕಿಲ್ಲ ಕಣವ್ವ" ಎಂದ ದ್ಯಾವಯ್ಯ. "ನಮ್ಮಪ್ಪನ ಕಾಲದ್ದು ಒಂದು ಇಂದ್ಗಡೆ ಬಿದ್ದದೆ. ಅದ್ರಾಗೆ ನೋಡಾನ ಬಾ."

ಹಳೆಯ ಗಾಣ ಬೇಲಿ ಬದಿಯಲ್ಲಿ ಬಳ್ಳಿ ಹಬ್ಬಿಸಿಕೊಂಡು ಕೂತಿತ್ತು. ಅದರ ಬೋಲ್ಟುಗಳನ್ನು ಗಂಗಾಂಬಿಕಮ್ಮ ಒಂದೊಂದಾಗಿ ಮುಟ್ಟಿ ನೋಡಿ ಒಂದನ್ನು ಆರಿಸಿದರು. ತುಕ್ಕು ಹಿಡಿದ ನಟ್ಟಿಗೆ ಹರಳೆಣ್ಣೆ ಬಿಟ್ಟು, ಅದು ಇಳಿಯುವವರೆಗೆ ಎಲ್ಲರೂ ಕಬ್ಬಿನ ಹಾಲು ಕುಡಿದರು. ಆಮೇಲೆ ದ್ಯಾವಯ್ಯ ನಟ್ಟು ಬಿಚ್ಚುವ ಪಾನಾ ಹಾಕಿ ಜಗ್ಗಿದಾಗ ನಟ್ಟು ಕಿರ್ರೆಂದು ಬಿಟ್ಟುಕೊಂಡಿತು. ಬೋಲ್ಟು ಮುರಿದದ್ದಕ್ಕಿಂತ ಒಂದಿಷ್ಟು ಸಣ್ಣ, ಆದರೆ ಉದ್ದ. ತೂತಿನಲ್ಲಿ ಅಲ್ಲಾಡದಂತೆ ಸೀಮೆಎಣ್ಣೆ ಡಬ್ಬದ ತಗಡು ಕತ್ತರಿಸಿ ಸುತ್ತಿದರು. ಹೆಚ್ಚಿನ ಉದ್ದ ತುಂಬಲು, ಬಾವಿಯಿಂದ ನೀರೆತ್ತುವ ಹಳೆಯ ಕಪಿಲೆ ಬಾನಿಯ ತೊಗಲನ್ನು ಬಿಲ್ಲೆಬಿಲ್ಲೆಯಾಗಿ ಕೊಯ್ದು ಪೋಣಿಸಿದರು.

ಎಲ್ಲರೂ ಕಾರಿನ ಬಳಿಗೆ ಬಂದರು. ಇನ್ನು ವಾಲಿದ ಎಂಜಿನ್ನನ್ನು ಎತ್ತಬೇಕಿತ್ತು. ಕೆಳಗೆ ಹಲಗೆ ಕೊಟ್ಟು, ಕಲ್ಲೊಂದರ ಮೇಲೆ ಉದ್ದನೆಯ ತೊಲೆಯನ್ನು ಮೀಟುಗೋಲಾಗಿ ಇಟ್ಟರು. ಗೋದಮ್ಮ ಸಹಾಯಕ್ಕೆ ಕೈ ಚಾಚಿದರು. ಗಂಗಾಂಬಿಕಮ್ಮ ಗದರಿದರು. "ನೀವು ಕಬ್ಬಿಣ ಮುಟ್ಟಬೇಡಿ. ಇವತ್ತು ಆ ಬೆರಳಿಗೆ ಏನಾದ್ರೂ ಆದ್ರೆ ಇಷ್ಟೆಲ್ಲ ಮಾಡಿದ್ದು ಯಾತಕ್ಕೆ? ಬೇಕಾದ್ರೆ ತೊಲೆ ತುದಿ ಮೇಲೆ ಕೂತ್ಕೊಳ್ಳಿ."

ಗೋದಮ್ಮ ರೇಷ್ಮೆ ಸೀರೆಯಲ್ಲಿ ತೊಲೆಯ ತುದಿಯ ಮೇಲೆ ಕೂತರು. ಎಂಜಿನ್ನು ಅಲುಗಲಿಲ್ಲ. "ಸ್ವಲ್ಪ ಅತ್ಲಾಗೆ ಸರಿ ನಮ್ಮವ್ವ" ಎಂದು ಸುಬ್ಬಮ್ಮನೂ ಪಕ್ಕದಲ್ಲಿ ಕೂತಳು. ಎಂಜಿನ್ನು ಮೆಲ್ಲಗೆ ಮೇಲೆದ್ದಿತು. ತೂತಿನಲ್ಲಿ ಉಳಿದಿದ್ದ ತುಂಡನ್ನು ಎತ್ತಿನ ಗಾಡಿಯ ಅಚ್ಚಿನ ಕಬ್ಬಿಣದ ಕಡಾಣಿಯಿಂದ ಬಡಿದು ಉದುರಿಸಿ, ಗಂಗಾಂಬಿಕಮ್ಮ ಹೊಸದನ್ನು ತೂರಿಸುವಷ್ಟರಲ್ಲಿ ಸುಬ್ಬಮ್ಮನಿಗೆ ನಗು ಬಂತು. ಅವಳು ನಕ್ಕದ್ದಕ್ಕೆ ಗೋದಮ್ಮನಿಗೂ ಬಂತು. ತೊಲೆ ಕುಣಿಯಿತು, ಮೇಲೆ ಎಂಜಿನ್ನೂ ಕುಣಿಯಿತು.

"ನಗಬೇಡಿ, ನನ್ನ ಬೆರಳು ಒಳಗಿದೆ" ಎಂದು ಕೆಳಗಿಂದ ಕೂಗಿದ ಗಂಗಾಂಬಿಕಮ್ಮನೂ ನಗುತ್ತಿದ್ದರು. ದ್ಯಾವಯ್ಯ ಮೇಲಿನಿಂದ ಪಾನಾ ಹಿಡಿದ, ಅವರು ಕೆಳಗಿಂದ ನಟ್ಟು ಬಿಗಿದರು. ಹೊರಗೆ ಬಂದು ಎಂಜಿನ್ನು ಹಚ್ಚಿದಾಗ ಕಾರು ಮೊದಲಿನ ಹಾಗೇ ಗುರುಗುಟ್ಟಿತು. ನಡುಕವಿರಲಿಲ್ಲ.

"ನಿಮಗೆ ಏನು ಕೊಡ್ಲಿ ಹೇಳಿ" ಎಂದು ಗಂಗಾಂಬಿಕಮ್ಮ ಕೇಳಿದರು.

ದ್ಯಾವಯ್ಯ ಏನೂ ಬೇಡವೆಂದು ತಲೆಯಾಡಿಸಿದ. ಸುಬ್ಬಮ್ಮ ಮಾತ್ರ, "ನಂಗೂ ಒಂದ್ಸಲ ಅದ್ರಾಗೆ ಕುಂತ್ಕಂಡು ಓಗ್ಬೇಕು ಅಂತ ಆಸೆ" ಎಂದಳು.

"ಕೊಪ್ಪರಿಗೆ ಒಲೆ ಮ್ಯಾಲದೆ, ನೀನೆಲ್ಲಿಗೋಯ್ತೀಯಾ?" ಎಂದ ದ್ಯಾವಯ್ಯ.

"ಒಲೆ ಮ್ಯಾಲಿರೋದು ಕೊಪ್ಪರಿಗೆ. ನಾನಲ್ಲ" ಎಂದು ಸುಬ್ಬಮ್ಮ ಮನೆಗೆ ಓಡಿ, ಒಳ್ಳೆಯ ಸೀರೆ ಉಟ್ಟು ಬಂದು ವೀಣೆಯ ಪಕ್ಕದಲ್ಲಿ ಕೂತಳು. ಮಲಗಿದ ಮಗುವನ್ನು ಹಿಡಿದಂತೆ ದಾರಿಯುದ್ದಕ್ಕೂ ವೀಣೆಯ ಮೇಲೆ ಒಂದು ಕೈ ಇಟ್ಟುಕೊಂಡಿದ್ದಳು.

ಅರಕಲಗೂಡು ದಾಟಿ ರುದ್ರಪಟ್ಟಣ ಮುಟ್ಟಿದಾಗ ಚಪ್ಪರದಲ್ಲಿ ಜನ ಕಾಯುತ್ತಿದ್ದರು. ಇವರು ಬರುವವರೆಗೆ ಎಂದು ಹಾಡುಗಾರರೊಬ್ಬರು ತಮ್ಮ ಕಛೇರಿಯನ್ನು ಎಳೆದು ಎಳೆದು ಹಾಡಿದ್ದರಂತೆ. ಮನೆಯೊಡತಿ ಗಂಗಾಂಬಿಕಮ್ಮನ ಸೀರೆಯ ಮಸಿ ನೋಡಿ ಏನೂ ಕೇಳದೆ ತಮ್ಮದೊಂದು ಸೀರೆ ತಂದುಕೊಟ್ಟರು. ಹೆದರಲು ಗೋದಮ್ಮನಿಗೆ ಪುರುಸೊತ್ತೇ ಸಿಗಲಿಲ್ಲ. ಕೈಕಾಲು ತೊಳೆದು ಬಂದವರೇ ಶ್ರುತಿ ಮಾಡಿ ಶುರುಮಾಡಿದರು. ಮೊದಲ ಕೃತಿ ಮುಗಿಯುವ ಹೊತ್ತಿಗೆ ಮುಂದಿನ ಸಾಲಿನ ಮುದುಕರೊಬ್ಬರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ತಾನ ನುಡಿಸುವಾಗ ಚಪ್ಪರದಲ್ಲಿ ಒಬ್ಬರೂ ಮಿಸುಕಲಿಲ್ಲ. ಗೋದಮ್ಮ ನಡುವೆ ಒಮ್ಮೆ ತಲೆಯೆತ್ತಿ ಸ್ನೇಹಿತೆಯ ಕಡೆ ನೋಡಿದರು. ಗಂಗಾಂಬಿಕಮ್ಮ ಕಣ್ಣೊರೆಸಿಕೊಳ್ಳುತ್ತಿದ್ದರು.

"ಹೇಗಿತ್ತು ಸುಬ್ಬಮ್ಮ?" ಎಂದು ಆಮೇಲೆ ಗಂಗಾಂಬಿಕಮ್ಮ ಕೇಳಿದರು.

"ಕೊನೇಲಿ ಮಳೆ ಉಯ್ದಂಗೆ ಬಾರಿಸಿದ್ರಲ್ಲ, ಅದು ಬೋ ಚೆಂದಾಗಿತ್ತು. ಇನ್ನೊಂದ್ಸಲ ಬಾರಿಸಾಕಿಲ್ವಾ?" ಎಂದಳು ಸುಬ್ಬಮ್ಮ.

ಆ ವರ್ಷವೇ ಯುದ್ಧ ಶುರುವಾಯಿತು. ಮುಂದೆ ಪೆಟ್ರೋಲಿಗೆ ರೇಷನ್ನು ಬಂದು ಕಾರು ಬಹುಕಾಲ ಕೊಟ್ಟಿಗೆಯಲ್ಲೇ ನಿಂತಿತು. ಗಂಗಾಂಬಿಕಮ್ಮ ವಾರಕ್ಕೊಮ್ಮೆ ಅದರ ಧೂಳು ಒರೆಸುತ್ತಿದ್ದರು. ಗೋದಮ್ಮನಿಗೆ ಮಾತ್ರ ಕರೆಗಳು ನಿಲ್ಲಲಿಲ್ಲ. ಹಾಸನದ ಮದುವೆಮನೆಗಳಿಂದ, ಅರಕಲಗೂಡಿನಿಂದ ಬಂಡಿಯಲ್ಲಿ ಬಂದು ಕರೆದುಕೊಂಡು ಹೋಗುತ್ತಿದ್ದರು. ಯುದ್ಧ ಮುಗಿದ ಮೇಲೆ ಪರಮಶಿವಯ್ಯನವರು ಎಲ್ಲಿಂದಲೋ ಪೆಟ್ರೋಲು ಹೊಂದಿಸಿ ತಂದರು. ಗೆಳತಿಯರಿಬ್ಬರೂ ಮತ್ತೆ ಹಾಸನದ ಕಡೆ ಹೊರಟರು. ಊರು ದಾಟಿದ ಮೇಲೆ, ಮುಂದೆ ಬಂಡಿಯಿಲ್ಲ, ದನವಿಲ್ಲ, ನೇರವಾದ ದಾರಿ. ಗೋದಮ್ಮ ಮೆಲ್ಲಗೆ, "ನಾನು ಒಂಚೂರು ಹಿಡೀಲಾ ರೀ?" ಎಂದರು.

ಗಂಗಾಂಬಿಕಮ್ಮ ಕಾರು ನಿಲ್ಲಿಸಿ, ಇಳಿದು, ಸುತ್ತಿ ಬಂದು ಪಕ್ಕದಲ್ಲಿ ಕೂತರು. ಗೋದಮ್ಮ ಅವರ ಜಾಗಕ್ಕೆ ಸರಿದು ಎರಡೂ ಕೈಯಲ್ಲಿ ಚಕ್ರ ಹಿಡಿದರು. ಕಾರು ಒಮ್ಮೆ ಮುಗ್ಗರಿಸಿ, ಆಮೇಲೆ ಎತ್ತಿನ ಗಾಡಿಯಷ್ಟೇ ನಿಧಾನವಾಗಿ ಹಾಸನದ ಕಡೆ ಸಾಗಿತು.