ಹಾಲು ಕುಡಿದು ನಮಸ್ಕಾರ ಹೇಳಬೇಕು

ನಮ್ಮ ಮಹಿಳಾ ಸಮಾಜದ ಶೆಡ್ಡಿನಲ್ಲಿ ಹಾಲು ಕುಡಿದ ಮಕ್ಕಳು ಲೋಟ ಕೆಳಗಿಟ್ಟು, ಕೈ ಮುಗಿದು, "ನಮಸ್ಕಾರ ಅಮ್ಮಾವ್ರೇ" ಎಂದು ಗಟ್ಟಿಯಾಗಿ ಹೇಳಿ ಹೋಗುತ್ತಿದ್ದರು. ಅದನ್ನು ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡ ಹೆಂಗಸರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗುಡಿಸಲಿನ ಮಕ್ಕಳಿಗೆ ಎಂಥ ಸಂಸ್ಕಾರ ಕಲಿಸಿದ್ದೀರಿ ಎಂದು ಹೊಗಳಿ ಹೋದವರೂ ಇದ್ದರು. ಆ ನಮಸ್ಕಾರ ಎಲ್ಲಿಂದ ಹುಟ್ಟಿತು ಎಂದು ಬಲ್ಲವರು ಬಾಯಿ ಬಿಡಲಿಲ್ಲ. ಇಷ್ಟು ವರ್ಷಗಳ ಮೇಲೂ ಅದನ್ನು ನೆನೆದರೆ ನನ್ನ ಮೈ ಉರಿಯುತ್ತದೆ, ಆದ್ದರಿಂದ ಬರೆಯುತ್ತಿದ್ದೇನೆ.

ಅರವತ್ತರ ದಶಕದ ನಡುವಿನ ಮಾತು. ಅಕ್ಕಿ ಸಿಗದ ಕಾಲ. ರೇಷನ್ ಅಂಗಡಿಯ ಮುಂದೆ ಚೀಲ ಹಿಡಿದು ಗಂಟೆಗಟ್ಟಲೆ ನಿಂತರೆ ಗೋಧಿಯೋ ಜೋಳವೋ ಸಿಕ್ಕರೆ ಸಿಕ್ಕಿತು. ನಮ್ಮಂಥ ಸಂಬಳದವರ ಮನೆಗಳಲ್ಲಿ ಅದೇ ದೊಡ್ಡ ಗೋಳು. ರಾತ್ರಿ ಅನ್ನದ ಬದಲು ಚಪಾತಿ ತಿನ್ನಬೇಕಾಯಿತಲ್ಲ ಎಂದು ಅಪ್ಪ ಮುಖ ಊದಿಸಿಕೊಂಡು ಕೂರುತ್ತಿದ್ದರು. ಜಯನಗರ ಆಗ ಅರ್ಧ ಬಡಾವಣೆ, ಅರ್ಧ ಖಾಲಿ ಸೈಟು. ನಮ್ಮ ಹಿಂದಿನ ರಸ್ತೆ ದಾಟಿದರೆ ಕಟ್ಟುತ್ತಿದ್ದ ಮನೆಗಳು, ಅವುಗಳ ಆಚೆ ಬನಶಂಕರಿಯ ಕಡೆಗೆ ಬಯಲು, ಬಯಲಿನ ಅಂಚಿನಲ್ಲಿ ಕಲ್ಲು ಒಡೆಯುವವರ ಮತ್ತು ಗಾರೆ ಕೆಲಸದವರ ಗುಡಿಸಲುಗಳು. ನಮ್ಮ ಮನೆಗಳ ಗೋಡೆ ಎಬ್ಬಿಸಿದವರೇ ಅವರು. ಆ ವರ್ಷ ಸಿಮೆಂಟು ಸಿಗದೆ ಅರ್ಧಕ್ಕರ್ಧ ಕಟ್ಟಡಗಳ ಕೆಲಸ ನಿಂತುಹೋಗಿತ್ತು. ಕೆಲಸವಿಲ್ಲದ ಮೇಲೆ ಕೂಲಿ ಇಲ್ಲ, ಕೂಲಿ ಇಲ್ಲದ ಮೇಲೆ ಅಂಗಡಿಯಲ್ಲಿ ಗೋಧಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಆಗ ನಮ್ಮ ಸಮಾಜಕ್ಕೆ ಹೊರದೇಶದ ಹಾಲಿನ ಪುಡಿ ಬರತೊಡಗಿತು. ಖಾಲಿ ಸೈಟಿನಲ್ಲಿ ತಗಡಿನ ಶೆಡ್ಡು ಹಾಕಿ, ಹಂಡೆಯಲ್ಲಿ ನೀರು ಕಾಯಿಸಿ, ಪುಡಿ ಕಲಸಿ, ದಿನಾ ಬೆಳಿಗ್ಗೆ ಮಕ್ಕಳಿಗೆ ಒಂದೊಂದು ಲೋಟ ಹಾಲು ಕೊಡುವುದೆಂದಾಯಿತು. ನಾನು ಬಿ.ಎ. ಮುಗಿಸಿ ಮನೆಯಲ್ಲಿದ್ದೆ. ಗಂಡು ಹುಡುಕುತ್ತಿದ್ದರು. ಬಂದ ಗಂಡುಗಳಿಗೆ ನನ್ನ ನಾಲಿಗೆ ಹಿಡಿಸುತ್ತಿರಲಿಲ್ಲ. "ಮನೇಲಿ ಕೂತು ನನ್ ಹತ್ರ ಜಗಳ ಆಡೋ ಬದ್ಲು ಅಲ್ಲಿ ಹೋಗಿ ಸೌಟು ಹಿಡಿ, ಪುಣ್ಯನಾದ್ರೂ ಬರುತ್ತೆ" ಎಂದು ಅಮ್ಮ ನನ್ನನ್ನು ಅಟ್ಟಿದಳು. ಹಾಗೆ ನಾನು ಸೌಟಿನವಳಾದೆ.

ಸಮಾಜದ ಅಧ್ಯಕ್ಷೆಯನ್ನು ನಾವೆಲ್ಲ ದೊಡ್ಡಮ್ಮ ಎನ್ನುತ್ತಿದ್ದೆವು. ನಮ್ಮ ಎದುರು ಸಾಲಿನ ಮನೆ, ರಿಟೈರಾದ ದೊಡ್ಡ ಅಧಿಕಾರಿಯ ಹೆಂಡತಿ. ಕೆಟ್ಟ ಹೆಂಗಸಲ್ಲ ಎಂದು ನ್ಯಾಯವಾಗಿ ಹೇಳಬೇಕು. ಬಿಸಿಲಿನಲ್ಲಿ ನಿಂತು ಹಂಡೆ ಉಜ್ಜಿಸುತ್ತಿದ್ದಳು, ಪುಡಿ ಸಾಲದೆ ಬಂದರೆ ಆಫೀಸಿನಿಂದ ಆಫೀಸಿಗೆ ಅಲೆಯುತ್ತಿದ್ದಳು. ಅವಳು ಇಲ್ಲದಿದ್ದರೆ ಆ ಶೆಡ್ಡೇ ಇರುತ್ತಿರಲಿಲ್ಲ. ಆದರೆ ಬಡವರು ಎಂದರೆ ಮೋಸ ಮಾಡುವವರು ಎಂಬ ಒಂದು ಮಾತು ಅವಳ ತಲೆಯಲ್ಲಿ ಮೊಳೆ ಹೊಡೆದಂತೆ ಕೂತಿತ್ತು. ಮನೆಗೆ ಕೊಟ್ಟ ಹಾಲನ್ನು ಕೂಲಿಯವರು ಕಾಫಿ ಹೋಟೆಲಿಗೆ ಮಾರಿಕೊಳ್ಳುತ್ತಾರೆ ಎಂದು ಯಾರೋ ಅವಳಿಗೆ ಹೇಳಿದ್ದರು. ಮಾರಿದ್ದನ್ನು ನೋಡಿದವರು ಒಬ್ಬರೂ ಇಲ್ಲ. ಆದರೂ ಸಮಾಜದ ಸಭೆ ಕೂತು ನಿಯಮ ಬಂತು. ಮಕ್ಕಳು ನಮ್ಮ ಕಣ್ಣೆದುರೇ ಹಾಲು ಕುಡಿಯಬೇಕು. ಒಂದು ತೊಟ್ಟೂ ಶೆಡ್ಡಿನಿಂದಾಚೆ ಹೋಗಬಾರದು. ಸ್ವಂತ ಕಾಲ ಮೇಲೆ ನಡೆದು ಬಂದು ಸಾಲಿನಲ್ಲಿ ನಿಂತ ಮಗುವಿಗೆ ಮಾತ್ರ ಲೋಟ. ಎಳೆಗೂಸುಗಳಿಗೆ ತಾಯಿಯ ಹಾಲಿದೆಯಲ್ಲ, ಅವಕ್ಕೇಕೆ?

ತಾಯಿಯೇ ತಿನ್ನದಿದ್ದರೆ ಹಾಲು ಎಲ್ಲಿಂದ ಬರಬೇಕು ಎಂದು ಆ ಸಭೆಯಲ್ಲಿ ಕೂತಿದ್ದ ಅಷ್ಟು ಜನ ಹೆತ್ತ ಹೆಂಗಸರಲ್ಲಿ ಒಬ್ಬಳಿಗೂ ಹೊಳೆಯಲಿಲ್ಲ.

ಸಾಲಿಗೆ ಒಬ್ಬಳು ಹುಡುಗಿ ಬರುತ್ತಿದ್ದಳು. ಏಳೆಂಟು ವರ್ಷ ಇರಬಹುದು. ಎಣ್ಣೆ ಕಾಣದೆ ಕೆಂಚಾದ ಕೂದಲು, ಯಾರದೋ ದೊಡ್ಡವರ ರವಿಕೆಯನ್ನೇ ಅಂಗಿ ಮಾಡಿಕೊಂಡಿದ್ದಳು. ಬೇರೆ ಮಕ್ಕಳು ಗಟಗಟ ಕುಡಿದು ಓಡುತ್ತಿದ್ದರೆ ಇವಳದು ಭಾರಿ ನಿಧಾನ. ಒಂದು ಗುಟುಕು ತೆಗೆದುಕೊಂಡು ಶೆಡ್ಡಿನ ಹಿಂದಕ್ಕೆ ಹೋಗುವಳು, ಬರುವಳು, ಇನ್ನೊಂದು ಗುಟುಕು, ಮತ್ತೆ ಹಿಂದಕ್ಕೆ. ಹೊಟ್ಟೆ ಕೆಟ್ಟಿರಬೇಕು ಎಂದುಕೊಂಡೆವು. ಒಂದು ದಿನ ದೊಡ್ಡಮ್ಮ ಅವಳ ಹಿಂದೆಯೇ ಹೋಗಿ ನೋಡಿದಳು. ಗೋಡೆಯ ಬುಡದಲ್ಲಿ ಒಂದು ತೆಂಗಿನ ಚಿಪ್ಪು. ಹುಡುಗಿ ಬಾಯಿಯ ಹಾಲನ್ನು ಅದಕ್ಕೆ ಉಗುಳುತ್ತಿದ್ದಳು. ಚಿಪ್ಪು ಮುಕ್ಕಾಲು ತುಂಬಿತ್ತು.

ದೊಡ್ಡಮ್ಮ ಅವಳ ರಟ್ಟೆ ಹಿಡಿದು ಎಳೆದುಕೊಂಡು ಬಂದಳು. ಹುಡುಗಿಯ ಬಾಯಲ್ಲಿ ಇನ್ನೂ ಒಂದು ಗುಟುಕು ಇತ್ತು, ಕೆನ್ನೆ ಉಬ್ಬಿತ್ತು.

"ಯಾರಿಗೇ ಕದ್ದು ಒಯ್ತಿರೋದು? ಹೇಳು!"

ಹುಡುಗಿ ಹೇಳುವುದಾದರೂ ಹೇಗೆ? ಬಾಯಿ ತೆರೆದರೆ ಹಾಲು ಹೋಗುತ್ತದೆ.

"ನುಂಗು ಮೊದ್ಲು. ನುಂಗೇ!"

ಅವಳು ನುಂಗಿದಳು. ನುಂಗಿ ಅಳತೊಡಗಿದಳು. "ತಮ್ಮಂಗೆ ಅಮ್ಮಾವ್ರೇ" ಎಂದಳು. ದೊಡ್ಡಮ್ಮ ಚಿಪ್ಪನ್ನು ಕಾಲಿನಿಂದ ಉರುಳಿಸಿದಳು. "ಎಂಜಲು ಹಾಲು ಕುಡಿಸಿ ಆ ಕೂಸನ್ನ ಸಾಯಿಸ್ತೀಯಾ? ಕೊಳಕು!" ಎಂದಳು. ಎಂಜಲು ಕೆಟ್ಟದ್ದು, ಕಾಯಿಲೆ ತರುತ್ತದೆ, ನಿಜ. ಹಾಗಿದ್ದರೆ ಒಂದು ತೊಳೆದ ಪಾತ್ರೆ ಕೊಡಬೇಕಾಗಿತ್ತು. ಶೆಡ್ಡಿನಲ್ಲಿ ಪಾತ್ರೆಗಳಿಗೇನು ಕೊರತೆ ಇತ್ತೇ? ನಾನು ಹಾಗೆಂದೇ ಹೇಳಿದೆ, ಮೆತ್ತಗೇನೂ ಹೇಳಲಿಲ್ಲ. "ಇವತ್ತು ಇವಳಿಗೆ ಕೊಟ್ರೆ ನಾಳೆ ಊರೇ ಚೊಂಬು ಹಿಡ್ಕೊಂಡು ಬರುತ್ತೆ. ಡಿಸಿಪ್ಲಿನ್ ಬೇಡ್ವೇನೇ?" ಎಂದು ನನ್ನ ಬಾಯಿ ಮುಚ್ಚಿಸಿದಳು.

ಮಾರನೆಯ ದಿನದಿಂದ ನಮಸ್ಕಾರ ಶುರುವಾಯಿತು. ಬಾಯಲ್ಲಿ ಹಾಲಿಟ್ಟುಕೊಂಡು ಯಾರೂ ಮಾತಾಡಲಾರರಲ್ಲ. ಕಳ್ಳತನ ಹಿಡಿಯುವುದಕ್ಕೆ ಮಾಡಿದ ಉಪಾಯ ಅದು. ದೊಡ್ಡಮ್ಮ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತು ಒಂದೊಂದು ಮಗುವಿನ ಬಾಯನ್ನೂ ನೋಡುತ್ತಿದ್ದಳು. ಮಕ್ಕಳು "ನಮಸ್ಕಾರ ಅಮ್ಮಾವ್ರೇ" ಎನ್ನುತ್ತಿದ್ದರು. ರಸ್ತೆಯಲ್ಲಿ ಹೋಗುವವರು ನಿಂತು ಮೆಚ್ಚುತ್ತಿದ್ದರು. ನನಗೆ ಕೈಯಲ್ಲಿದ್ದ ಸೌಟನ್ನು ಎತ್ತಿ ಎಸೆಯಬೇಕು ಅನ್ನಿಸುತ್ತಿತ್ತು.

ಆ ಹುಡುಗಿ ಬರುವುದನ್ನೇ ಬಿಟ್ಟಳು. ತಮ್ಮನಿಗೆ ಒಯ್ಯಲಾಗದ ಮೇಲೆ ಅವಳಿಗೆ ಆ ಹಾಲಿನಿಂದ ಇನ್ನೇನೂ ಆಗಬೇಕಾಗಿರಲಿಲ್ಲ. ನಾನು ವಿಚಾರಿಸಿಕೊಂಡು ಗುಡಿಸಲುಗಳ ಕಡೆಗೆ ಹೋದೆ. ಮೂರನೆಯ ಸಾಲಿನ ಕೊನೆಯಲ್ಲಿ ಅವರದು, ಒಳಗೆ ಬಗ್ಗಿ ಹೋಗಬೇಕು. ತಾಯಿ ಜ್ವರದಿಂದ ಚಾಪೆಯ ಮೇಲೆ ಬಿದ್ದಿದ್ದಳು. ಗಂಡ ಕೆಲಸ ಹುಡುಕಿಕೊಂಡು ಎಲ್ಲಿಗೋ ಹೋದವನು ಹಿಂದಿರುಗಿರಲಿಲ್ಲ. ಕೂಸು ಹುಡುಗಿಯ ತೊಡೆಯ ಮೇಲಿತ್ತು. ವರ್ಷ ತುಂಬುತ್ತಾ ಬಂದ ಮಗು, ಮೂರು ತಿಂಗಳ ಮಗುವಿನಷ್ಟಿತ್ತು. ಅದು ಅಳುತ್ತಿರಲಿಲ್ಲ, ನನಗೆ ಹೆದರಿಕೆಯಾಗಿದ್ದು ಅದಕ್ಕೇ.

"ಎದೇಲಿ ಏನೂ ಇಲ್ಲ ಕಣಕ್ಕ, ಒಣಗೋಯ್ತು" ಎಂದಳು ತಾಯಿ. "ಇವ್ಳೇ ತಂದು ಕುಡಿಸ್ತಿದ್ಲು. ಈಗ ಅಲ್ಲಿ ಕೊಡಲ್ವಂತೆ?"

ಕೊಡುತ್ತೇವೆ, ಆದರೆ ನಿನ್ನ ಮಗು ನಡೆದುಕೊಂಡು ಬರಬೇಕು ಎಂದು ಹೇಳಲು ನನ್ನ ನಾಲಿಗೆ ಏಳಲಿಲ್ಲ.

ಮನೆಗೆ ಬಂದು ನಮ್ಮ ಹಾಲನ್ನು ಕಾಯಿಸಿ ಒಂದು ಚೊಂಬಿನಲ್ಲಿ ತೆಗೆದುಕೊಂಡು ಹೋದೆ. ಅಮ್ಮ ಹಾರಾಡಿದಳು. "ನೀನೊಬ್ಳು ಎಷ್ಟು ಮನೆಗೆ ಹಾಲು ಹಾಕ್ತೀಯ? ನಾಳೆ ಅಪ್ಪನ ಕಾಫಿಗೆ ಏನ್ ಮಾಡ್ಲಿ?" ಮಾರನೆಯ ದಿನ ಅಪ್ಪ ಮಧ್ಯಾಹ್ನದ ಕಾಫಿ ಬೇಡ ಎಂದರು. ಆದರೆ ಅಮ್ಮ ಹೇಳಿದ್ದೂ ಸುಳ್ಳಲ್ಲ. ಅಕ್ಕಪಕ್ಕದ ಗುಡಿಸಲುಗಳಲ್ಲಿ ಇಂಥವೇ ಕೂಸುಗಳಿದ್ದವು, ನನ್ನ ಚೊಂಬನ್ನು ನೋಡಿ ಅವುಗಳ ತಾಯಂದಿರು ಬಾಗಿಲಿಗೆ ಬಂದು ಸುಮ್ಮನೆ ನಿಲ್ಲುತ್ತಿದ್ದರು. ಇತ್ತ ಶೆಡ್ಡಿನಲ್ಲಿ ಪುಡಿಯ ಮೂಟೆಗಳು ಗೋಡೆಗೆ ಒರಗಿ ಸಾಲಾಗಿ ಕೂತಿದ್ದವು.

ಅಷ್ಟರಲ್ಲಿ ಪುಡಿ ಕಳಿಸುವ ಸಂಸ್ಥೆಯಿಂದ ನೋಡಿಕೊಂಡು ಹೋಗಲು ಒಬ್ಬ ಲೇಡಿ ಡಾಕ್ಟರು ಬರುತ್ತಾರೆ ಎಂದು ಸುದ್ದಿಯಾಯಿತು. ಶೆಡ್ಡಿಗೆ ಮಾವಿನ ತೋರಣ ಕಟ್ಟಿದರು. ಮಕ್ಕಳ ಮುಖ ತೊಳೆಸಿದರು. ಡಾಕ್ಟರು ಬಂದರು. ಮಾಸಿದ ಕೈಚೀಲ, ಕಾಟನ್ ಸೀರೆ, ನಗು ಕಮ್ಮಿ. ಮಕ್ಕಳು ಒಬ್ಬೊಬ್ಬರಾಗಿ ಕುಡಿದು, ಕೈ ಮುಗಿದು, ನಮಸ್ಕಾರ ಹೇಳಿದರು.

"ಚೆನ್ನಾಗಿ ಕಲಿಸಿದ್ದೀರಿ" ಎಂದರು ಡಾಕ್ಟರು.

ದೊಡ್ಡಮ್ಮನ ಮುಖ ಅರಳಿತು. "ಹಾಲಿನ ಜೊತೆ ಸ್ವಲ್ಪ ಸಂಸ್ಕಾರನೂ ಹೋಗ್ಲಿ ಅಂತ."

ನನಗೆ ಅಲ್ಲಿಗೆ ಸಾಕಾಯಿತು. "ಸಂಸ್ಕಾರ ಅಲ್ಲ ಡಾಕ್ಟ್ರೇ, ಬಾಯಿ ತಪಾಸಣೆ" ಎಂದೆ. "ಮನೇಲಿರೋ ಕೂಸಿಗೆ ಬಾಯಲ್ಲಿ ಹಾಲು ಇಟ್ಕೊಂಡು ಹೋಗ್ತಾರೇನೋ ಅಂತ ನೋಡೋಕೆ ಮಾತಾಡಿಸ್ತಾರೆ." ಚಿಪ್ಪಿನ ಕಥೆ, ಗುಡಿಸಲಿನ ಕಥೆ ಎಲ್ಲವನ್ನೂ ಹೇಳಿದೆ. ಹೇಳಿದೆ ಎನ್ನುವುದಕ್ಕಿಂತ ಕಿರುಚಿದೆ ಎನ್ನುವುದೇ ಸರಿ. ಸಮಾಜದ ಹೆಂಗಸರ ಜೊತೆ ಬಂದಿದ್ದ ಅಮ್ಮ ಮೂಲೆಯಲ್ಲಿ ನಿಂತು ನೆಲ ನೋಡುತ್ತಿದ್ದಳು.

"ಹುಡುಗಿಗೆ ಸ್ವಲ್ಪ ಕೋಪ ಜಾಸ್ತಿ" ಎಂದು ದೊಡ್ಡಮ್ಮ ನಕ್ಕಳು. "ಮನೆಗೆ ಕೊಟ್ರೆ ಇವ್ರು ಹೋಟೆಲ್‌ಗೆ ಮಾರ್ಕೋತಾರೆ ಡಾಕ್ಟ್ರೇ."

"ಮಾರಿದ್ದನ್ನ ನೀವು ನೋಡಿದ್ದೀರಾ?"

"ಎಲ್ರೂ ಹೇಳ್ತಾರೆ."

"ನಾವು ಪುಡಿ ಕಳಿಸೋದು ಕೂಸುಗಳಿಗೂ ಹಾಲೂಡಿಸೋ ತಾಯಂದ್ರಿಗೂ ಸೇರಿಸಿ. ಅವರ ಪಾಲು ಎಲ್ಲಿ ಹೋಗ್ತಿದೆ?"

ಮೂಟೆಗಳು ಅಲ್ಲೇ ಕಾಣುತ್ತಿದ್ದವು. ಡಾಕ್ಟರು ನನ್ನ ಕಡೆ ತಿರುಗಿ ನನ್ನನ್ನೂ ಬಿಡಲಿಲ್ಲ. "ನೀನು ಇಲ್ಲಿ ಕೂಗಾಡಿದ್ರೆ ಅಲ್ಲಿ ಮಗು ಹೊಟ್ಟೆ ತುಂಬುತ್ತೇನಮ್ಮ? ನಡಿ, ಮನೆ ತೋರಿಸು" ಎಂದರು. ಬೈಸಿಕೊಂಡು ನನಗೆ ಅಷ್ಟು ಸಮಾಧಾನವಾದದ್ದು ಅದೊಂದೇ ಸಲ.

ಗುಡಿಸಲಿನೊಳಗೆ ಅವರು ನೆಲದ ಮೇಲೆ ಕೂತು ಮಗುವನ್ನು ಮುಟ್ಟಿ ಮುಟ್ಟಿ ನೋಡಿದರು. ತಾಯಿಯನ್ನು ಅವತ್ತೇ ಆಸ್ಪತ್ರೆಗೆ ಸೇರಿಸಬೇಕು, ಮಕ್ಕಳನ್ನು ಅವಳಿಂದ ದೂರ ಮಾಡಬಾರದು, ಕೂಸು ಅವಳ ಪಕ್ಕದಲ್ಲೇ ಇರಲಿ, ಹುಡುಗಿಯೂ ದಿನಾ ಹಾಲು ತೆಗೆದುಕೊಂಡು ಹೋಗಿ ಬರಲಿ ಎಂದರು. ಹಾಲಿನ ಪಾತ್ರೆಯನ್ನು ಕುದಿಸಿದ ನೀರಿನಲ್ಲಿ ಹೇಗೆ ತೊಳೆಯಬೇಕು, ಚಮಚದಲ್ಲಿ ಎಷ್ಟೆಷ್ಟು ಹೊತ್ತಿಗೆ ಕೊಡಬೇಕು ಎಂದು ಆ ಹುಡುಗಿಗೇ ಹೇಳಿಕೊಟ್ಟರು. ಅವಳು ಒಂದನ್ನೂ ಮರೆಯದೆ ತಿರುಗಿಸಿ ಒಪ್ಪಿಸಿದಳು. "ಇವಳಿಂದಾನೇ ಮಗು ಇಷ್ಟು ದಿನ ಉಳಿದಿದೆ" ಎಂದು ಡಾಕ್ಟರು ಹೊರಗೆ ಬಂದ ಮೇಲೆ ಹೇಳಿದರು. ನಾವು ಕಳ್ಳಿ ಎಂದು ರಟ್ಟೆ ಹಿಡಿದು ಎಳೆದ ಹುಡುಗಿಯ ವಿಷಯ ಆ ಮಾತು.

ನಿಯಮ ಬದಲಾಯಿತು. ಕೂಸಿರುವ ಮನೆಗೆ ಮುಚ್ಚಳದ ಡಬ್ಬದಲ್ಲಿ ಹಾಲು, ತಾಯಿಗೆ ಒಂದು ಲೋಟ. ಊರೇನೂ ಚೊಂಬು ಹಿಡಿದುಕೊಂಡು ಬರಲಿಲ್ಲ, ಕೂಸಿದ್ದವರು ಬಂದರು. ಯಾವ ಕಾಫಿ ಹೋಟೆಲಿಗೂ ಒಂದು ಚಮಚ ಹಾಲು ಹೋಗಲಿಲ್ಲ. ದೊಡ್ಡಮ್ಮ ತನ್ನದೇ ಯೋಚನೆ ಎಂಬಂತೆ ಅದನ್ನು ನಡೆಸಿಕೊಂಡು ಹೋದಳು, ಚೆನ್ನಾಗಿಯೇ ನಡೆಸಿದಳು. ನಮಸ್ಕಾರ ಮಾತ್ರ ನಿಲ್ಲಲಿಲ್ಲ. ನೋಡಿದವರಿಗೆ ಚೆಂದ ಕಾಣುತ್ತಿತ್ತಲ್ಲ! ತಪ್ಪಾಯಿತು ಎಂದು ಆ ಹುಡುಗಿಗೆ ಒಬ್ಬರೂ ಹೇಳಲಿಲ್ಲ. ದೊಡ್ಡವರ ಮನೆಯ ಮಗುವಿನ ರಟ್ಟೆ ಹಿಡಿದು ಹಾಗೆ ಎಳೆದಿದ್ದರೆ ನಾಲ್ಕು ಜನ ಕೂತು ರಾಜಿ ಮಾಡಿಸುತ್ತಿದ್ದರು.

ತಾಯಿ ಆಸ್ಪತ್ರೆ ಸೇರಿದ ಮೇಲೆ ಆ ಹುಡುಗಿ ಮೊದಲ ಸಲ ಶೆಡ್ಡಿಗೆ ಬಂದ ಬೆಳಿಗ್ಗೆ ಸೌಟು ನನ್ನ ಕೈಯಲ್ಲಿತ್ತು. ಅವಳು ಸಾಲಿನಲ್ಲಿ ನಿಂತು, ತನ್ನ ಸರದಿ ಬಂದಾಗ ಡಬ್ಬ ಮುಂದೆ ಹಿಡಿದಳು. ಅಂಚಿನವರೆಗೂ ತುಂಬಿಸಿದೆ. ಮುಚ್ಚಳವನ್ನು ಎರಡು ಸಲ ಒತ್ತಿ ನೋಡಿಕೊಂಡು, ಡಬ್ಬವನ್ನು ಎದೆಗವಚಿಕೊಂಡು ಹೊರಟೇಬಿಟ್ಟಳು. ಕರೆದೆ. ಒಂದು ಲೋಟಕ್ಕೆ ಹಾಲು ಹಾಕಿ ಅವಳ ಮುಂದಿಟ್ಟೆ.

ಅವಳು ಲೋಟ ನೋಡಿದಳು, ನನ್ನನ್ನು ನೋಡಿದಳು.

"ಇದ್ಯಾರ್ಗಕ್ಕಾ?"

"ನಿಂಗೇ ಕಣೇ. ಕುಡಿ."

ಆ ಶೆಡ್ಡಿಗೆ ಅಷ್ಟು ದಿನ ಬಂದಿದ್ದ ಹುಡುಗಿ ಒಂದು ಲೋಟ ಹಾಲನ್ನೂ ತನಗೆಂದು ಕುಡಿದಿರಲಿಲ್ಲ. ಈಗಲೂ ಅವಳು ಲೋಟ ಮುಟ್ಟಲಿಲ್ಲ. ಮೊದಲು ತಿರುಗಿ ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದ ದೊಡ್ಡಮ್ಮನ ಮುಖ ನೋಡಿದಳು.