ಕಂಪ್ಯೂಟರಿಗೆ ಡ್ರಾ ಕೇಳಿದ ಸಿಸ್ಟರಮ್ಮ

ಹೋದ ವಾರ ಲ್ಯಾಬಿನಲ್ಲಿ ರಕ್ತ ಕೊಡಲು ಕೂತಿದ್ದೆ. ಅಲ್ಲಿನ ಹುಡುಗಿ ತೋಳಿಗೆ ಸ್ಪಿರಿಟ್ ಹತ್ತಿ ಒತ್ತಿದಳು. ಆ ವಾಸನೆಗೆ ಬೇರೆಯವರಿಗೆ ಆಸ್ಪತ್ರೆ ನೆನಪಾಗಬಹುದು. ನನಗೆ ನೆನಪಾದದ್ದು ಚೆಸ್ಸು...

ನಮ್ಮ ಪಕ್ಕದ ಮನೆಯವರು ಚೆಸ್ ಕಾಯಿಗಳನ್ನು ಸ್ಪಿರಿಟ್‌ನಲ್ಲಿ ಒರೆಸಿ ಇಡುತ್ತಿದ್ದರು. ನರ್ಸ್ ಆಗಿದ್ದು ನಿವೃತ್ತರಾದವರು. ದೊಡ್ಡಬಳ್ಳಾಪುರದ ನಮ್ಮ ಬೀದಿಗೆಲ್ಲ ಸಿಸ್ಟರಮ್ಮ. ಸಾಸಲು ಕಡೆಯವರು. ಮದುವೆಯಾಗಿರಲಿಲ್ಲ, ಯಾಕೆ ಅಂತ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ನಾನು ಕೆಲಸದಿಂದ ಬಂದು ಬೀಗ ತೆಗೆಯುವ ಸದ್ದಾದರೆ ಸಾಕು, ಗೋಡೆಯಾಚೆಯಿಂದ ಕೂಗು: "ಬಾರೇ, ಕಾಯಿ ಜೋಡ್ಸಿದೀನಿ." ದೊಡ್ಡ ಆಟಗಾರ್ತಿಯೇನಲ್ಲ. ಸುಮ್ಮಸುಮ್ಮನೆ ಮಂತ್ರಿಯನ್ನು ಕಳಕೊಳ್ಳುತ್ತಿದ್ದರು. ಮಂತ್ರಿ ಹೋದ ಮೇಲೆಯೇ ಅವರ ಆಟ ಜೋರಾಗುತ್ತಿತ್ತು.

ಆಗ ನಮ್ಮೂರಲ್ಲಿ ಹೊಸದಾಗಿ ಚೆಸ್ ಕ್ಲಾಸೊಂದು ಶುರುವಾಯಿತು. ಮೊದಲ ದಿನ ಶಾಮಿಯಾನ ಹಾಕಿಸಿ, ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಕಂಪ್ಯೂಟರ್ ಜೊತೆ ಯಾರು ಬೇಕಾದರೂ ಆಡಬಹುದು ಎಂದರು. ಆಟ ಮುಗಿದಂತೆಲ್ಲ ಫಲಿತಾಂಶವನ್ನು ಬೋರ್ಡಿನಲ್ಲಿ ಬರೆಯುತ್ತಿದ್ದರು. ಮಕ್ಕಳು ಸೋತರು, ಮಕ್ಕಳ ಅಪ್ಪಂದಿರೂ ಸೋತರು. ಸಿಸ್ಟರಮ್ಮ ಸೆರಗು ಸಿಕ್ಕಿಸಿಕೊಂಡು ಕೂತರು.

ಕಂಪ್ಯೂಟರನ್ನು ಸುಲಭದ ಮಟ್ಟದಲ್ಲಿ ಇಟ್ಟಿದ್ದರೋ, ಅವತ್ತು ಇವರ ಗಳಿಗೆ ಚೆನ್ನಾಗಿತ್ತೋ, ಕಾಯಿಗಳೆಲ್ಲ ಉದುರಿ ಕೊನೆಗೆ ಎರಡೂ ಕಡೆ ರಾಜ ಮತ್ತು ಒಂದೊಂದು ಆನೆ ಮಾತ್ರ ಉಳಿದವು. ಇನ್ನು ಯಾರೂ ಗೆಲ್ಲುವ ಹಾಗಿರಲಿಲ್ಲ. ಮನುಷ್ಯರಾಗಿದ್ದರೆ ಡ್ರಾ ಅಂತ ನಕ್ಕು ಎದ್ದುಬಿಡುತ್ತಿದ್ದರು. ಅದು ಮಾತ್ರ ತನ್ನ ಆನೆಯನ್ನು ಅತ್ತಿಂದಿತ್ತ ಓಡಾಡಿಸುತ್ತಲೇ ಇತ್ತು.

"ನಾನು ಡ್ರಾ ಕೇಳ್ತಿದೀನಿ ಅಂತ ಇದಕ್ಕೆ ಹೇಳಪ್ಪಾ" ಎಂದರು ಸಿಸ್ಟರಮ್ಮ, ಕ್ಲಾಸಿನ ಕೋಚ್‌ಗೆ.

"ಡ್ರಾ ಆಫ್ ಮಾಡಿದೀವಿ ಆಂಟಿ. ಒಬ್ರು ಗೆಲ್ಲೋವರ್ಗೂ ಆಡುತ್ತೆ. ನಿಮಗೆ ಸಾಕಾದ್ರೆ ಸೋತೆ ಅಂತ ರಿಸೈನ್ ಮಾಡ್ಬಿಡಿ." ಹಾಗೆನ್ನುತ್ತಲೇ ಆತ ಬೋರ್ಡಿನಲ್ಲಿ 'ಕಂಪ್ಯೂಟರ್ ಗೆಲುವು' ಎಂದು ಬರೆದೂ ಬಿಟ್ಟ.

"ನಾನೆಲ್ಲಿ ಸೋತೆ? ಅಳಿಸು ಅದನ್ನ."

"ಅದು ಸುಸ್ತಾಗಲ್ಲ ಆಂಟಿ, ನೀವು ಸುಸ್ತಾಗ್ತೀರ."

"ಸುಸ್ತಾಗ್ದೇ ಇರೋದೂ ಗೆಲ್ಲೋದೂ ಒಂದೇ ಏನಪ್ಪಾ? ನಾನು ಆಡ್ತೀನಿ. ನೀನು ಬೇಕಾದ್ರೆ ಮನೆಗೆ ಹೋಗು."

ಆಡಿದರು. ಶಾಮಿಯಾನದವರು ಬಂದು ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸತೊಡಗಿದರು. ಜನ ಕರಗಿದರು. ನನಗೆ ನಾಚಿಕೆಯಾಗಿ "ಹೋಗೋಣ ಬನ್ನಿ" ಎಂದೆ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅದು ಆನೆ ನಡೆಸುವುದು, ಇವರು ಆನೆ ನಡೆಸುವುದು. ಕೊನೆಗೆ ಕೋಚ್ ಮೇಜಿನ ಪಕ್ಕ ನಿಂತು ಕೊಂಚ ಹೊತ್ತು ನೋಡಿದ. ಏನನ್ನಿಸಿತೋ, ಹೋಗಿ ಬೋರ್ಡ್ ಒರೆಸಿ 'ಡ್ರಾ' ಎಂದು ಬರೆದು, ಬಂದು ಕೈ ಚಾಚಿದ.

"ಇದಕ್ಕೆ ಬಾಯ್ಬಿಟ್ಟು ಡ್ರಾ ಕೇಳೋದು ಕಲಿಸಪ್ಪಾ" ಎಂದು ಕೈ ಕುಲುಕಿ ಎದ್ದರು. ಮಂಡಿ ಹಿಡಿದುಕೊಂಡಿತ್ತು. ಮನೆಯವರೆಗೂ ನನ್ನ ತೋಳು ಬಿಡಲಿಲ್ಲ.

ಆಮೇಲೆ, ತಾನಾಗಿಯೇ ಡ್ರಾ ಕೇಳುವ, ಸೋಲೊಪ್ಪುವ ಚೆಸ್ ಆ್ಯಪ್ ಒಂದನ್ನು ಹುಡುಕಿ ಅವರ ಫೋನಿಗೆ ಹಾಕಿಕೊಟ್ಟೆ. ಖುಷಿಪಡುತ್ತಾರೆ ಅಂದುಕೊಂಡಿದ್ದೆ. ಮಾರನೇ ಸಂಜೆಯೇ ಫೋನ್ ಹಿಡಿದುಕೊಂಡು ಬಂದರು. ಅವರ ಕಾಲಾಳು ಮಂತ್ರಿಯಾಗಲು ಒಂದೇ ಮನೆ ಬಾಕಿಯಿದ್ದಾಗ ಎದುರಾಳಿ ರಿಸೈನ್ ಮಾಡಿಬಿಟ್ಟಿತ್ತು.

"ಇದನ್ನ ಯಾರು ಸೋಲು ಅಂದ್ರು? ಮಂತ್ರಿ ಒಂದೇ ಇದ್ರೆ ಚೆಕ್‌ಮೇಟ್ ಮಾಡಕ್ಕೆ ನನಗಿನ್ನೂ ಸರಿಯಾಗಿ ಬರಲ್ಲ ಕಣೇ. ನಾನು ಕಲಿಯೋದು ಬೇಡ್ವಾ?"

"ಅದು ಡ್ರಾ ಕೇಳ್ದೇ ಇದ್ರೂ ತಪ್ಪು, ಸೋತೆ ಅಂದ್ರೂ ತಪ್ಪು. ಮತ್ತೆ ಯಾವಾಗ ಹೇಳ್ಬೇಕು ನೀವೇ ಹೇಳಿ" ಎಂದೆ.

"ಎದುರಿಗಿರೋರ ಮುಖ ನೋಡಿ ಹೇಳ್ಬೇಕು. ಮುಖ ಕಾಣ್ದಿದ್ರೆ ಕೇಳ್ಲಿ. ಇಲ್ಗೆ ನಿಲ್ಸಣ್ವಾ, ಇನ್ನೂ ಆಡ್ತೀಯಾ ಅಂತ. ಕೇಳಕ್ಕೇನು ಕಷ್ಟ?"

ಕಳೆದ ವರ್ಷ ಅವರ ಶ್ವಾಸಕೋಶ ಕೈಕೊಟ್ಟಿತು. ಬೆಂಗಳೂರಿನಲ್ಲಿ ತೋರಿಸಿಕೊಂಡು ವಾಪಸ್ ಬಂದಾಗ, ಇನ್ನೇನೂ ಮಾಡುವಂತಿಲ್ಲವಂತೆ ಎಂದು ಅವರೇ ಹೇಳಿದರು. "ಡಾಕ್ಟ್ರು ಅವರ ಕೆಲ್ಸ ಮುಗೀತು ಅಂದ್ರು. ನಂದು ಮುಗೀತು ಅನ್ನಲಿಲ್ಲ. ಬೋರ್ಡು ತಗೊಂಬಾ."

ಮೂಗಿನಲ್ಲಿ ಆಕ್ಸಿಜನ್ ಕೊಳವೆ, ಮಡಿಲಲ್ಲಿ ದಿಂಬು, ದಿಂಬಿನ ಮೇಲೆ ಬೋರ್ಡು. ಆಟದಲ್ಲಿ ನಾನೇ ಮುಂದಿದ್ದೆ. ಅವರು ಏದುಸಿರು ಬಿಡುವುದನ್ನು ನೋಡಲಾಗದೆ ಡ್ರಾ ಮಾಡಿಕೊಳ್ಳೋಣ ಎಂದೆ.

ಕಣ್ಣು ಕೆಂಪಗಾಯಿತು. "ಕನಿಕರಕ್ಕೆ ಡ್ರಾ ಕೊಡ್ತೀಯಾ? ಆಡೇ."

ಆಡಿದೆ. ಬಿಟ್ಟುಕೊಡದೆ ಆಡಿದೆ. ಅವರು ಬಹಳ ಹೊತ್ತು ಮಣೆ ನೋಡಿದರು, ತಪ್ಪಿಸಿಕೊಳ್ಳುವ ದಾರಿಯನ್ನೆಲ್ಲ ಬೆರಳಲ್ಲಿ ಹುಡುಕಿದರು. ಆಮೇಲೆ ತಮ್ಮ ರಾಜನನ್ನು ತಾವೇ ಮೆಲ್ಲಗೆ ಮಲಗಿಸಿ, "ಹ್ಞೂ, ಈಗ ಸೋತೆ" ಎಂದರು. ಮುಖದಲ್ಲಿ ಎಳ್ಳಷ್ಟೂ ಬೇಸರವಿರಲಿಲ್ಲ. ಆ ತಿಂಗಳು ಕಳೆಯುವುದರೊಳಗೆ ಹೋಗಿಬಿಟ್ಟರು...

ಪಕ್ಕದ ಮನೆಗೆ ಈಗ ಬೇರೆ ಸಂಸಾರ ಬಂದಿದೆ. ಸಂಜೆ ನಾನೊಬ್ಬಳೇ ಫೋನಿನಲ್ಲಿ ಆಡುತ್ತೇನೆ. ಮೊನ್ನೆ ನಾನು ಪೂರ್ತಿ ಕೆಟ್ಟ ಸ್ಥಿತಿಯಲ್ಲಿದ್ದಾಗ, ಅದಕ್ಕೇನು ಲೆಕ್ಕ ತಪ್ಪಿತೋ, ಡ್ರಾ ಬೇಕೇ ಎಂದು ಕೇಳಿತು. ಬೇಡ ಅಂತ ಒತ್ತಿದೆ. ರಾಜನನ್ನು ಕೊನೇ ಮನೆಯವರೆಗೂ ಓಡಿಸಿ, ಇನ್ನು ಓಡಿಸಲು ಜಾಗವಿಲ್ಲ ಎಂದಾಗ ಸೋತೆ.

ಸೋತೆ ಎಂದು ಗಟ್ಟಿಯಾಗಿಯೇ ಹೇಳಿದೆ. ಕೇಳಿಸಿಕೊಳ್ಳಲು ಎದುರಿಗೆ ಯಾರೂ ಇರಲಿಲ್ಲ.